ಡಸ್ಟರ್ ಮೇಷ್ಟ್ರ ಸರದಿ

ಕಬ್ಬಿಣದ ಡಂಬೆಲ್ಲನ್ನು ಕಾಲಿನಿಂದಲೇ ತಳ್ಳಿಕೊಂಡು ಬಂದು ಮಗಳು ಅದನ್ನು ಮುಂಬಾಗಿಲಿನ ಬುಡಕ್ಕೆ ಒತ್ತಿ ನಿಲ್ಲಿಸಿದಳು. ಬಾಗಿಲು ಪೂರ್ತಿ ತೆರೆದುಕೊಂಡಿತು. ಬೀದಿಯ ಬೆಳಕು ನೇರವಾಗಿ ಒಳಗೆ ಬಂದು ಮಂಚದ ಮೇಲೆ ಮಲಗಿಸಿದ್ದ ಅಪ್ಪನ ಕಾಲಿನ ಮೇಲೆ ಬಿತ್ತು.

“ಮತ್ತೆ ತೆಗೆದ್ಯಾ?” ಅಡುಗೆಮನೆಯಿಂದ ಸೋದರತ್ತೆಯ ದನಿ ಕೇಳಿಸಿತು. “ಈಗಿನ್ನೂ ಹಾಕಿ ಬಂದಿದೀನಿ. ನೊಣ ಬರುತ್ತೆ ಕಣೇ ಪುಟ್ಟಿ!”

“ಬರಲಿ ಬಿಡಿ ಅತ್ತೆ.”

“ಬರಲಿ ಅಂತೆ! ಮುಖದ ಮೇಲೆ ಕೂತ್ರೆ ಓಡಿಸೋರು ಯಾರು? ನೀನಾ? ಬೆಳಗ್ಗೆ ಬಂದಾಗಿಂದ ಒಂದ್ಸಲನಾದ್ರೂ ಅವನ ಹತ್ರ ಹೋಗಿ ನಿಂತಿದೀಯಾ?”

ನಿಂತಿರಲಿಲ್ಲ. ಬಂದವಳೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೂರದಿಂದ ಒಮ್ಮೆ ನೋಡಿ, ಯಾರದೋ ಮನೆಗೆ ಬಂದವಳಂತೆ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದರು. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಶೂ ಹಾಕಿಸಿದ್ದು ಅತ್ತೆಯ ಹಟ. ಅದಿಲ್ಲದೆ ನನ್ನ ತಮ್ಮ ಹೊಸಿಲು ದಾಟಿದವನಲ್ಲ, ಇವತ್ತೂ ದಾಟಬಾರದು ಅಂತ ಕೂತುಬಿಟ್ಟಿದ್ದಳಂತೆ. ಡ್ರಿಲ್ ಮೇಷ್ಟ್ರಾಗಿದ್ದ ಮನುಷ್ಯ. ಸತ್ತ ಮೇಲೂ ಹಿಮ್ಮಡಿ ಕೂಡಿಸಿಕೊಂಡೇ ಮಲಗಿದ್ದರು.

ತೆರೆದ ಬಾಗಿಲಿನ ಚಟ ಅವಳಿಗೆ ಇವತ್ತಿನದಲ್ಲ. ಬಸ್ಸಿನಲ್ಲಿ ಅರ್ಧ ದಿನದ ದೂರದ ಊರಲ್ಲಿ, ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಅವಳ ಕೆಲಸ. ಇಬ್ಬರು ಕೂತರೆ ಮೊಣಕೈ ತಾಗುವ ಗೂಡು ಅದು. ಅದರ ಬಾಗಿಲಿಗೂ ಒಂದು ಇಟ್ಟಿಗೆ ಇಟ್ಟಿರುತ್ತಾಳೆ. ಚಳಿಗಾಲದಲ್ಲಿ ಶಾಲು ಹೊದ್ದು ಕೂರುತ್ತಾಳೆಯೇ ಹೊರತು ಇಟ್ಟಿಗೆ ತೆಗೆಯುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಮಲಗುವಾಗಲೂ ಬಚ್ಚಲ ಬಾಗಿಲಿನಿಂದ ಹಿಡಿದು ಬೀರುವಿನ ಬಾಗಿಲಿನವರೆಗೆ ಯಾವುದನ್ನೂ ಪೂರ್ತಿ ಮುಚ್ಚುವುದಿಲ್ಲ. ಯಾಕೆ ಅಂತ ಕೇಳುವವರು ಆ ಊರಲ್ಲಿ ಯಾರೂ ಇರಲಿಲ್ಲ. ಕೇಳಬೇಕಾಗಿದ್ದ ಒಬ್ಬ ಮನುಷ್ಯ ಈ ಮನೆಯಲ್ಲಿದ್ದ, ಅವನೂ ಕೇಳಲಿಲ್ಲ.

ಅಪ್ಪನ ಬಾಯಿಂದ ಅವಳಿಗೆ ಒಂದೇ ಒಂದು ಮಾತು ಬೇಕಾಗಿತ್ತು. ದೊಡ್ಡ ಮಾತೇನಲ್ಲ. ‘ಅವತ್ತು ನನ್ನದು ತಪ್ಪಾಯ್ತು ಪುಟ್ಟಿ.’ ಇಷ್ಟೇ. ಹುಡುಗಿಯಾಗಿದ್ದಾಗಿಂದ ತಲೆಗೂದಲು ನರೆಯುವವರೆಗೆ ಕಾದಿದ್ದಳು. ನಿನ್ನೆ ಫೋನ್ ಬಂದಾಗ ಅವಳಿಗೆ ಮೊದಲು ಅಳು ಬರಲಿಲ್ಲ. ಹಾಳಾದ್ದು, ಹೇಳದೆಯೇ ಹೋಗಿಬಿಟ್ಟರಲ್ಲ ಅಂತ ಸಿಟ್ಟು ಬಂತು.

ಹೊರಗೆ ಅಂಗಳದಲ್ಲಿ ಕಬ್ಬಿಣ ಕಿರುಗುಟ್ಟಿತು. ಬಡಗಿಯೊಬ್ಬ ಮಂಡಿಯೂರಿ ಕೂತು ಗೇಟಿನ ಕೀಲು ಬಿಚ್ಚುತ್ತಿದ್ದ. ಗೇಟು ಇಕ್ಕಟ್ಟು, ಮಂಚ ಹೊರಗೆ ಹೋಗಬೇಕಾದರೆ ಅದನ್ನು ಕಳಚಲೇಬೇಕು. ಅವನು ತಲೆಯೆತ್ತಿ ಅವಳನ್ನು ನೋಡಿದ.

“ಅಕ್ಕ, ಇನ್ನೊಂದು ಸ್ವಲ್ಪ ಹೊತ್ತು. ತುಕ್ಕು ಹಿಡಿದಿದೆ.”

ಅವಳು ತಲೆಯಾಡಿಸಿದಳು. ಊರೆಲ್ಲ ಅವನನ್ನು ಚಿಲಕ ಅಂತಲೇ ಕರೆಯುವುದು. ಅವಳಿಗಿಂತ ವಯಸ್ಸಲ್ಲಿ ದೊಡ್ಡವನೇ. ಆದರೂ ಅಕ್ಕ ಅನ್ನುತ್ತಾನೆ. ಈ ಮನೆಯ ಸೋರುವ ನಲ್ಲಿ, ಸಡಿಲವಾದ ಕಿಟಕಿ, ಕುಂಟುವ ಮೇಜು ಎಲ್ಲವನ್ನೂ ಇಷ್ಟು ವರ್ಷ ರಿಪೇರಿ ಮಾಡಿದವನು ಅವನು. ಅಪ್ಪನ ಕೊನೆಯ ಉಸಿರಿಗೆ ಪಕ್ಕದಲ್ಲಿದ್ದವನೂ ಅವನೇ. ಶೂಗೆ ಬಳಪ ತಿಕ್ಕಿ ಬೆಳ್ಳಗೆ ಮಾಡಿದವನೂ ಅವನೇ ಅಂತೆ.

ಅವನನ್ನು ಕಂಡರೆ ಅವಳಿಗೆ ಈಗಲೂ ಅಂಗೈ ತಣ್ಣಗಾಗುತ್ತದೆ.

*

ಆಗ ಅಪ್ಪನಿಗೆ ಬೆತ್ತದ ಮೇಷ್ಟ್ರು ಅಂತ ಹೆಸರು. ಕಂಕುಳಲ್ಲಿ ಬೆತ್ತ, ಕೊರಳಲ್ಲಿ ಸೀಟಿ. ಬೆಳಗಿನ ಗಂಟೆ ಹೊಡೆದ ಮೇಲೆ ಶಾಲೆಯ ಗೇಟಿನ ಹತ್ತಿರ ತಡವಾಗಿ ಬಂದವರ ಸಾಲು. ಯಾಕೆ ತಡ ಅಂತ ಕೇಳುವ ಪದ್ಧತಿ ಇರಲಿಲ್ಲ. ಮೀನಖಂಡಕ್ಕೆ ಎರಡೇಟು, ಒಳಗೆ ಓಟ. ಶಾಲೆಯಲ್ಲಿ ಮಗಳೂ ಅವರನ್ನು ಸರ್ ಅಂತಲೇ ಕರೆಯಬೇಕಿತ್ತು. ಕರೆಯುತ್ತಿದ್ದಳು. ಅವಳಿಗೆ ಅದರಲ್ಲಿ ಒಂಥರಾ ಹೆಮ್ಮೆಯೂ ಇತ್ತು, ಯಾಕೆ ಸುಳ್ಳು ಹೇಳಬೇಕು.

ಒಂದು ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಸಾಲಿನಲ್ಲಿ ನಿಲ್ಲಲಿಲ್ಲ, ಎದುರು ಮಾತಾಡಿದ. ಅಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಪ್ರಾರ್ಥನೆಗೆ ನಿಂತಿದ್ದ ಇಡೀ ಶಾಲೆಯ ಮುಂದೆ ಅವನನ್ನು ಎಳೆದು ತಂದು ಹೊಡೆದರು. ಹುಡುಗ ಮೊದಲು ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ಅವನ ಚಡ್ಡಿ ಒದ್ದೆಯಾಯಿತು. ಮುಂದಿನ ಸಾಲಿನವರು ನಕ್ಕರು, ಹಿಂದಿನವರಿಗೆ ಯಾಕೆಂದು ಗೊತ್ತಿಲ್ಲದಿದ್ದರೂ ಅವರೂ ನಕ್ಕರು. ಮಗಳು ನಗಲಿಲ್ಲ. ತನ್ನ ಶೂ ನೋಡುತ್ತ ನಿಂತಿದ್ದಳು.

ಅವತ್ತು ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಹುಡುಗ ಬಂದು, “ಆಟದ ಸಾಮಾನಿನ ರೂಮಲ್ಲಿ ಸರ್ ಕರೀತಿದಾರೆ” ಅಂದ. ಅವಳು ಹೋದಳು. ಹಿಂದೆ ಬಾಗಿಲು ಮುಚ್ಚಿತು, ಹೊರಗಿನಿಂದ ಚಿಲಕ ಬಿತ್ತು. ಆ ಕೋಣೆಗೆ ಕಿಟಕಿಯಿರಲಿಲ್ಲ. ಚರ್ಮದ ಚೆಂಡು, ಬೆವರು ಹಿಡಿದ ಚಾಪೆ, ಸುಣ್ಣದ ಪುಡಿ, ಎಲ್ಲ ಸೇರಿದ ಒಂದು ವಾಸನೆ ಇತ್ತು. ಮೊದಲು ಕೂಗಿದಳು, ಆಮೇಲೆ ಬಡಿದಳು, ಆಮೇಲೆ ಬಾಗಿಲ ಕೆಳಗಿನ ಸಂದಿಗೆ ಬಾಯಿಟ್ಟು ಮಲಗಿ ಗಾಳಿ ಎಳೆದುಕೊಂಡಳು. ಆ ಸಂದಿಯ ಬೆಳಕೂ ಹೋಯಿತು. ಮಗಳು ಅಕ್ಕನ ಮನೆಯಲ್ಲಿರಬಹುದು ಅಂತ ಅಪ್ಪ, ತಮ್ಮನ ಜೊತೆ ಇರಬಹುದು ಅಂತ ಅತ್ತೆ, ಇಬ್ಬರೂ ನಿಶ್ಚಿಂತರಾಗಿದ್ದರು. ಅಮ್ಮ ಇಲ್ಲದ ಮನೆಯಲ್ಲಿ ಹೀಗಾಗುತ್ತಿತ್ತು.

ಕೊನೆಗೆ ಚಿಲಕ ತೆಗೆದದ್ದು ಅಪ್ಪನೇ. ಟಾರ್ಚಿನ ಬೆಳಕು ಕಣ್ಣಿಗೆ ಹೊಡೆಯಿತು. ಅವಳು ಎದ್ದು ಅವರ ಸೊಂಟ ತಬ್ಬಿಕೊಂಡಳು. ಅಪ್ಪನ ಮೊದಲ ಮಾತು, “ಯಾರು? ಯಾರು ಮಾಡಿದ್ದು ಹೇಳು” ಅಂತ.

ಹೇಗಿದ್ದೀಯ ಅಂತ ಅಲ್ಲ.

*

ಬಾಡಿಗೆ ಕುರ್ಚಿಗಳು ಬಂದವು. ಕುರ್ಚಿ ಅಂಗಡಿಯವನು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರಿಂದೊಂದು ಕಿತ್ತು ಅಂಗಳದಲ್ಲಿ ಮನೆಯ ಕಡೆ ಮುಖ ಮಾಡಿ ಸಾಲಾಗಿ ಇಟ್ಟು ಹೋದ. ಜನ ಒಬ್ಬೊಬ್ಬರಾಗಿ ಬರತೊಡಗಿದರು. ಹಳೆಯ ವಿದ್ಯಾರ್ಥಿಗಳೇ ಹೆಚ್ಚು. ಬಂದವರು ಒಳಗೆ ಹೋಗಿ ಮೇಷ್ಟ್ರ ಮುಖ ನೋಡಿ, ಮಗಳಿಗೆ ಕೈ ಮುಗಿದು ಹೊರಗೆ ಬರುತ್ತಿದ್ದರು. ಆಮೇಲೆ ಯಾರೂ ಹೇಳದೆಯೇ ಒಂದು ಕೆಲಸ ಮಾಡುತ್ತಿದ್ದರು. ಸಾಲಿನಿಂದ ಒಂದು ಕುರ್ಚಿ ಎತ್ತಿಕೊಂಡು ಹೋಗಿ ದುಂಡಗೆ ಜೋಡಿಸುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಸಾಲು ಹೋಗಿ ಅಂಗಳದ ತುಂಬ ದೊಡ್ಡ ಸುತ್ತು ಆಯಿತು.

ಚಹಾದ ತಟ್ಟೆ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತಳು. “ಇದೇನ್ರೋ ಇದು? ಮ್ಯೂಸಿಕಲ್ ಚೇರ್ ಆಡ್ತೀರಾ? ಹಾಡು ಹಾಕ್ಲಾ?”

“ಮೇಷ್ಟ್ರ ಮನೇಲಿ ಸಾಲಲ್ಲಿ ಕೂರೋಕೆ ಆಗಲ್ಲಮ್ಮ,” ಅಂದಳು ದರ್ಜಿ ಹೆಂಗಸು, ತನ್ನ ಕುರ್ಚಿಯನ್ನು ಅರ್ಧ ಅಡಿ ಹಿಂದೆ ಸರಿಸುತ್ತ. “ಒಬ್ಬರ ಬೆನ್ನು ಒಬ್ಬರು ನೋಡ್ತಾ ಏನು ಮಾತಾಡೋದು?”

“ಮಾತಾಡ್ಬೇಕು ಅಂತ ಯಾರು ಹೇಳಿದ್ರು? ಸಾವಿನ ಮನೇಲಿ ಸುಮ್ನೆ ಕೂರೋದೂ ಒಂದು ಕೆಲಸಾನೇ,” ಅಂದಳು ಅತ್ತೆ. ಆದರೂ ಚಹಾವನ್ನು ಆ ಸುತ್ತಿನ ಉದ್ದಕ್ಕೂ ಒಬ್ಬೊಬ್ಬರಿಗೇ ಕೊಡುತ್ತ ಬಂದು, ಕೊನೆಗೆ ತಾನೂ ಒಂದು ಕುರ್ಚಿಯಲ್ಲಿ ದೊಪ್ಪನೆ ಕೂತಳು.

ನಿವೃತ್ತರಾಗಿದ್ದ ಹೆಡ್ ಮೇಡಂ ಊರುಗೋಲು ಊರಿಕೊಂಡು ಬಂದರು. ಅವರ ಹಿಂದೆ ಈಗಿನ ಶಾಲೆಯ ಎಳೆಯ ಟೀಚರ್ ಒಬ್ಬಳು. ಅವಳ ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ್ದ ಏನೋ ಇತ್ತು. ಬಿಚ್ಚಿದಳು. ಕಪ್ಪುಹಲಗೆ ಒರೆಸುವ ಹಳೆಯ ಡಸ್ಟರ್, ಹಿಡಿಯ ಮರ ಮುಟ್ಟಿ ಮುಟ್ಟಿ ನುಣುಪಾಗಿತ್ತು.

ಅದನ್ನು ನೋಡಿದ್ದೇ ತಡ ಮಗಳು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು. ಒಳಗೆ ಹೋಗಿಬಿಡೋಣ ಅಂದುಕೊಂಡಳು. ಒಳಗೆ ಅಪ್ಪನಿದ್ದರು.

“ಬಾಮ್ಮ, ಕೂತ್ಕೊ,” ಅಂದರು ಹೆಡ್ ಮೇಡಂ, ಪಕ್ಕದ ಕುರ್ಚಿ ತಟ್ಟುತ್ತ.

ಕೂತಳು.

*

ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸಿ ಅಂತ ಶಿಕ್ಷಕರೆಲ್ಲ ಅಂದಿದ್ದರು. ಆಗಷ್ಟೇ ಬಂದಿದ್ದ ಹೆಡ್ ಮೇಡಂ ಬೇಡ ಅಂದರು. ಹೊಡೆದು ಕಳಿಸಿದರೆ ಬೀದಿ ಪಾಲಾಗುತ್ತಾನೆ, ಮಾಡಿದ್ದು ಏನು ಅಂತ ಅವನಿಗೆ ಯಾವತ್ತೂ ಗೊತ್ತಾಗುವುದಿಲ್ಲ, ಸುತ್ತು ಕೂತು ಮಾತಾಡಿಸೋಣ ಅಂದರು. ಮಧ್ಯಸ್ಥರು ಒಬ್ಬರು ಮೂರು ಪ್ರಶ್ನೆ ಕೇಳುತ್ತಾರೆ. ಏನಾಯಿತು? ಯಾರಿಗೆ ನೋವಾಯಿತು? ಈಗ ಸರಿಹೋಗಬೇಕಾದರೆ ಏನಾಗಬೇಕು? ಡಸ್ಟರ್ ಯಾರ ಕೈಯಲ್ಲಿದೆಯೋ ಅವರದೇ ಮಾತು. ಅವರು ಅದನ್ನು ಕೆಳಗಿಡುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಏಳುವಂತಿಲ್ಲ. ಮಧ್ಯಸ್ಥರು ಮಾತ್ರ ತಮ್ಮದಾಗಿ ಏನೂ ಹೇಳಬಾರದು.

ಮಧ್ಯಸ್ಥ ನಾನಾಗುತ್ತೇನೆ ಅಂದವರು ಅಪ್ಪ. ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಡ್ರಿಲ್ ಮೇಷ್ಟ್ರಿಗೆ ಒಂದು ಕೆಲಸ ಒಪ್ಪಿಸಿದರೆ ಮುಗಿಯಿತು, ಗೆರೆ ದಾಟುವವರಲ್ಲ. ಮಗಳನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ಆ ಹುಡುಗ. ಡಸ್ಟರ್ ಅವನ ಕೈಗೆ ಹೋಯಿತು.

“ಏನಾಯಿತು?” ಅಪ್ಪ ಕೇಳಿದರು.

“ಸರ್ ನನಗೆ ಎಲ್ಲರ ಮುಂದೆ ಹೊಡೆದ್ರು. ಎಲ್ರೂ ನಕ್ಕರು. ನನಗೆ ಸರ್‌ಗೆ ಏನೂ ಮಾಡೋಕಾಗಲ್ಲ. ಅದಕ್ಕೆ...”

ಕೋಣೆಯಲ್ಲಿದ್ದವರ ಕಣ್ಣೆಲ್ಲ ಅಪ್ಪನ ಕಡೆ ತಿರುಗಿತು. ಮಗಳೂ ನೋಡಿದಳು. ಈಗ ಏನಾದರೂ ಅನ್ನುತ್ತಾರೆ, ಈಗ ಕುರ್ಚಿಯಿಂದ ಎದ್ದು ಬರುತ್ತಾರೆ ಅಂದುಕೊಂಡಳು. ಅಪ್ಪ ಗೋಡೆಯ ಗಡಿಯಾರ ನೋಡಿದರು. ಆಮೇಲೆ, “ಯಾರಿಗೆ ನೋವಾಯಿತು?” ಅಂತ ಎರಡನೆಯ ಪ್ರಶ್ನೆ ಕೇಳಿದರು.

ಡಸ್ಟರ್ ಅವಳ ಕೈಗೆ ಬಂತು. ಅದರ ಪುಡಿ ಬೆರಳಿಗೆ ಅಂಟಿತು. “ನನಗೆ, ಸರ್.”

“ಈಗ ಸರಿಹೋಗಬೇಕಾದರೆ ಏನಾಗಬೇಕು?”

ಅಪ್ಪ, ನನ್ನನ್ನ ಮನೆಗೆ ಕರ್ಕೊಂಡು ಹೋಗು ಅನ್ನುವ ಮಾತು ಗಂಟಲವರೆಗೆ ಬಂತು. ಆದರೆ ಆ ಸುತ್ತಿನಲ್ಲಿ ಅಪ್ಪ ಎಲ್ಲಿದ್ದರು? “ಏನೂ ಬೇಡ ಸರ್,” ಅಂದಳು.

ಹುಡುಗ ತಪ್ಪಾಯಿತು ಅಂದ. ಆ ಕೋಣೆಯ ಬಾಗಿಲಿಗೆ ಒಳಗಿನಿಂದಲೂ ತೆಗೆಯಲು ಬರುವ ಚಿಲಕವನ್ನು ತಾನೇ ಕೂರಿಸಿಕೊಡುತ್ತೇನೆ ಅಂದ. ಬಡಗಿಯ ಅಂಗಡಿಗೆ ಹೋಗಿ ಕಲಿತು ಬಂದು ಕೂರಿಸಿದ ಕೂಡ. ಅಲ್ಲಿಂದಲೇ ಅವನಿಗೆ ಹೆಸರೂ ಬಂತು, ಕಸುಬೂ ಬಂತು. ಅಪ್ಪ ಬೆತ್ತವನ್ನು ಶಾಲೆಯ ತೋಟದ ಟೊಮೆಟೊ ಗಿಡಕ್ಕೆ ಊರುಗೋಲಾಗಿ ನೆಟ್ಟು ಕೈ ಕೊಡವಿಕೊಂಡರು. ಮತ್ತೆ ಯಾವ ಮಗುವಿನ ಮೇಲೂ ಕೈ ಎತ್ತಲಿಲ್ಲ. ಬೆತ್ತದ ಮೇಷ್ಟ್ರು ಹೋಗಿ ಡಸ್ಟರ್ ಮೇಷ್ಟ್ರಾದರು. ಬೇರೆ ಶಾಲೆಯವರೂ ಬಂದು ನೋಡಿ ಕಲಿತು ಹೋದರು. ಒಳ್ಳೆಯದೇ ಆಯಿತು, ಅದನ್ನು ಅಲ್ಲ ಅನ್ನುವವರಿಲ್ಲ.

ಆ ಮೊದಲ ಸುತ್ತು ನಡೆದ ದಿನ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಖ ಅರಳಿತ್ತು. “ಇವತ್ತು ಚೆನ್ನಾಗಿ ನಡೀತು, ಅಲ್ವಾ?” ಅಂತ ಕೇಳಿದರು.

“ಹೂಂ,” ಅಂದಳು. ಅಪ್ಪ ಮಗಳ ನಡುವಿನ ಮಾತು ಅಲ್ಲಿಗೇ ನಿಂತಿತು. ಆಮೇಲೆ ಆಡಿದ್ದೆಲ್ಲ ಉಪ್ಪು ಹಾಕು, ದೀಪ ಆರಿಸು, ಅಷ್ಟೇ.

*

ಡಸ್ಟರ್ ಮೊದಲು ಹೆಡ್ ಮೇಡಂ ಕೈಯಲ್ಲಿತ್ತು.

“ಈ ಮನುಷ್ಯನಿಗೆ ಎಡಗಾಲು ಯಾವುದು ಬಲಗಾಲು ಯಾವುದು ಅನ್ನೋದು ಬಿಟ್ರೆ ಬೇರೇನೂ ಗೊತ್ತಿಲ್ಲ ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ,” ಅಂದರು. “ನನ್ನ ಮಾತು ಕೇಳಿ ಬೆತ್ತ ಬಿಟ್ಟ ಮೊದಲನೇ ಮೇಷ್ಟ್ರು ಅವರೇ. ಉಳಿದವರೆಲ್ಲ ನನ್ನ ಬೆನ್ನ ಹಿಂದೆ ನಗ್ತಾ ಇದ್ರು.” ಅಷ್ಟು ಹೇಳಿ ಮೂಗು ಒರೆಸಿಕೊಂಡು ಮುಂದಕ್ಕೆ ಕೊಟ್ಟರು.

ದರ್ಜಿ ಹೆಂಗಸು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಾನು ಏಳನೇ ಕ್ಲಾಸಲ್ಲಿ ಒಬ್ಬಳ ಜಡೆ ಕತ್ತರಿಸಿದ್ದೆ. ಮೇಷ್ಟ್ರು ಇಬ್ಬರನ್ನೂ ಕೂರಿಸಿದ್ರು, ಮಾತಾಡಿಸಿದ್ರು. ನಿಜ ಹೇಳ್ತೀನಿ, ನಾವಿಬ್ರೂ ಇವತ್ತಿಗೂ ಮಾತಾಡಲ್ಲ. ಆದ್ರೆ ಬಟ್ಟೆ ಮಾತ್ರ ನನ್ನ ಹತ್ರಾನೇ ಹೊಲಿಸ್ತಾಳೆ. ಅಳತೆ ಬಟ್ಟೆ ಕಳಿಸ್ತಾಳೆ, ತಾನು ಬರಲ್ಲ.”

ಸುತ್ತಿನಲ್ಲಿ ನಗು ಹರಿದಾಡಿತು. ಸುತ್ತಿನ ಆ ಕಡೆ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು ತಲೆ ಬಗ್ಗಿಸಿಕೊಂಡು ತಾನೂ ನಗುತ್ತಿದ್ದಳು.

ಅತ್ತೆಯ ಕೈಗೆ ಬಂದಾಗ ಅವಳು ಅದನ್ನು ತಿರುಗಿಸಿ ನೋಡಿದಳು. “ಈ ಹಾಳು ಮರದ ತುಂಡು ಹಿಡಿದ್ರೇನೇ ಬಾಯಿ ಬರಬೇಕಾ ನಿಮಗೆಲ್ಲ? ನನಗೆ ಹಿಡೀದೇನೇ ಬರುತ್ತೆ. ನನ್ನ ತಮ್ಮ ಹೋದ. ನನಗೆ ಬೈಯೋಕೆ ಇನ್ಯಾರೂ ಇಲ್ಲ.” ಡಸ್ಟರನ್ನು ಪಕ್ಕದವರ ಮಡಿಲಿಗೆ ಹಾಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅದು ಬಿದ್ದದ್ದು ಎಳೆಯ ಟೀಚರ್ ಮಡಿಲಿಗೆ. ಅವಳು ಅದನ್ನು ಎತ್ತಿಕೊಂಡು ಮಗಳ ಕಡೆ ತಿರುಗಿದಳು. “ಹೊಸದಾಗಿ ಸೇರಿದ ಟೀಚರ್‌ಗಳಿಗೆಲ್ಲ ಸುತ್ತು ನಡೆಸೋದು ಹೇಗೆ ಅಂತ ಮೇಷ್ಟ್ರೇ ಬಂದು ಹೇಳಿಕೊಡ್ತಿದ್ರು. ಪ್ರತಿ ವರ್ಷ. ಶುರು ಮಾಡೋಕೆ ಮುಂಚೆ ಒಂದು ಕತೆ ಹೇಳೋರು. ನಿಮಗೆ ಗೊತ್ತೇ ಇರುತ್ತಲ್ಲ ಮೇಡಂ.”

ಮಗಳಿಗೆ ಯಾವ ಕತೆಯೂ ಗೊತ್ತಿರಲಿಲ್ಲ. ಕೇಳೋಣವೆಂದರೆ ಡಸ್ಟರ್ ಅವಳ ಕೈಯಲ್ಲಿರಲಿಲ್ಲ.

“‘ನನ್ನ ಮೊದಲನೇ ಸುತ್ತೇ ತಪ್ಪು,’ ಅನ್ನೋರು. ‘ಹುಡುಗ ನನ್ನ ಮೇಲಿನ ಸಿಟ್ಟಿಗೆ ನನ್ನ ಮಗಳನ್ನ ಕೂಡಿಹಾಕಿದ್ದ. ನಾನು ಕೂರಬೇಕಾಗಿದ್ದು ತಪ್ಪು ಮಾಡಿದವರ ಕುರ್ಚೀಲಿ, ಅವನ ಪಕ್ಕದಲ್ಲಿ. ಹೋಗಿ ಮಧ್ಯಸ್ಥನ ಕುರ್ಚೀಲಿ ಕೂತುಬಿಟ್ಟೆ. ಆ ಕುರ್ಚೀಲಿ ಕೂತ್ರೆ ಮಾತಾಡೋ ಹಾಗಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಕೂತೆ. ಮಗಳು ನನ್ನ ಮುಖ ನೋಡಿದಳು, ನಾನು ಗಡಿಯಾರ ನೋಡಿದೆ. ನೀವು ಯಾರೂ ಹೀಗೆ ಮಾಡಬೇಡಿ.’ ಅದಕ್ಕೇ ನಮ್ಮ ಶಾಲೇಲಿ ಒಂದು ನಿಯಮ ಇದೆ ಮೇಡಂ. ಮನೆಯವರ ವಿಷಯ ಬಂದ್ರೆ ಮಧ್ಯಸ್ಥರಾಗಿ ಕೂರೋ ಹಾಗಿಲ್ಲ. ಎಲ್ಲರಿಗೂ ಗೊತ್ತು ಅದು. ಅದಕ್ಕೆ ಮಗಳ ನಿಯಮ ಅಂತಾನೇ ಹೆಸರು.”

ಮಗಳು ಸುತ್ತಿನ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲರಿಗೂ ಗೊತ್ತು! ಈ ಸುತ್ತಿನಲ್ಲಿ ಚಹಾ ಕುಡಿಯುತ್ತ ಕೂತಿರುವ ಪ್ರತಿಯೊಬ್ಬರಿಗೂ ಗೊತ್ತು. ಅವಳು ಕಾದು ಕಾದು ಸಾಕಾದ ಆ ಒಂದು ಮಾತನ್ನು ಅಪ್ಪ ಊರಿಗೆಲ್ಲ ಹಂಚಿದ್ದರು. ವರ್ಷಕ್ಕೊಮ್ಮೆ, ಅಪರಿಚಿತರ ಮುಂದೆ, ಪಾಠದ ಹಾಗೆ. ಅವಳೊಬ್ಬಳಿಗೆ ಮಾತ್ರ ಇಲ್ಲ.

ಗೇಟಿನ ಕೆಲಸ ಮುಗಿಸಿ ಬಂದು ಕೂತಿದ್ದ ಚಿಲಕನ ಕೈಗೆ ಡಸ್ಟರ್ ಹೋಯಿತು. ಅವನು ತಲೆ ತಗ್ಗಿಸಿಕೊಂಡೇ ಮಾತಾಡಿದ.

“ನನಗೆ ಮದುವೆಯಾದ ವರ್ಷ ಮೇಷ್ಟ್ರು ನನ್ನ ಅಂಗಡಿಗೆ ಬಂದ್ರು. ಹಲಗೆ ನುಣುಪು ಮಾಡೋಕೆ ರಂದ ಹೊಡೀತಿದ್ದೆ. ನಿಲ್ಲಿಸು ಅಂದ್ರು. ‘ಅವತ್ತು ನಿನಗೆ ಹೊಡೆದದ್ದು ತಪ್ಪಾಯ್ತು ಕಣೋ’ ಅಂದ್ರು. ಆಮೇಲೆ ನಾನು ಅವರನ್ನ ಬಿಡಲೇ ಇಲ್ಲ.” ಸ್ವಲ್ಪ ತಡೆದು ಅಂದ, “ಅಕ್ಕನಿಗೂ ಹೇಳಿದ್ರಾ ಅಂತ ಕೇಳಿದೆ. ‘ಅವಳಿಗೆ ಹೇಳೋಕೆ ಹೋದ್ರೆ ನನ್ನ ನಾಲಿಗೆ ಏಳಲ್ಲ. ಫೋನ್ ಮಾಡ್ತೀನಿ, ಬಸ್ ಎಷ್ಟೊತ್ತಿಗೆ ಅಂತ ಕೇಳಿ ಇಟ್ಟುಬಿಡ್ತೀನಿ’ ಅಂದ್ರು.”

*

ಫೋನ್ ಬರುತ್ತಿದ್ದುದು ನಿಜ. ಅವಳ ಮೊಬೈಲಿಗಲ್ಲ, ನಿಲ್ದಾಣದ ವಿಚಾರಣೆ ನಂಬರಿಗೆ. ಭಾನುವಾರ ಬೆಳಗ್ಗೆ ಜನ ಕಮ್ಮಿ ಇರುವ ಹೊತ್ತಿಗೆ.

“ಹಲೋ, ವಿಚಾರಣೆ,” ಅನ್ನುತ್ತಿದ್ದಳು.

“ಈ ಕಡೆಯಿಂದ ನಿಮ್ಮೂರಿಗೆ ಬೆಳಗಿನ ಬಸ್ಸು ಎಷ್ಟೊತ್ತಿಗಮ್ಮ?”

ದನಿ ಗುರುತು ಸಿಗದೆ ಏನು? ಮೊದಲ ಸಲ ಬಸ್ಸಿನ ಹೊತ್ತನ್ನು ಎರಡೆರಡು ಬಾರಿ ಹೇಳಿದ್ದಳು. ಬರುತ್ತಾರೆ ಅಂತ ಅವತ್ತು ಕೋಣೆ ಗುಡಿಸಿ, ಹೊಸ ಹೊದಿಕೆ ಹಾಕಿ, ಇಳಿಯುವವರನ್ನೆಲ್ಲ ನೋಡಿದ್ದಳು. ಬರಲಿಲ್ಲ. ಮುಂದಿನ ಭಾನುವಾರ ಮತ್ತೆ ಅದೇ ಪ್ರಶ್ನೆ. ಅವಳೂ ಬೇರೆ ಪ್ರಯಾಣಿಕರಿಗೆ ಹೇಳುವ ದನಿಯಲ್ಲೇ ಹೇಳತೊಡಗಿದಳು. ಬೆಳಗ್ಗೆ ಒಂದಿದೆ, ಮಧ್ಯಾಹ್ನ ಒಂದಿದೆ, ಸಂಜೆಯದು ನಂಬಿಕೆಯಿಲ್ಲ.

“ಸೀಟು ಸಿಗುತ್ತಾ?”

“ಸಿಗುತ್ತೆ.”

“ಸರಿಯಮ್ಮ.”

ಬನ್ನಿ ಅಪ್ಪ ಅಂತ ಒಂದು ಮಾತು ಅವಳೂ ಅಂದಿರಲಿಲ್ಲ. ಮೊದಲು ಅವರು ಹೇಳಲಿ ಅಂತ ಇವಳು, ಕರೆಯಲಿ ಅಂತ ಅವರು. ಕಳೆದ ಭಾನುವಾರವೂ ಫೋನ್ ಬಂದಿತ್ತು. ಅಪ್ಪ ಸ್ವಲ್ಪ ಏದುತ್ತಿದ್ದರು. ಕಿಟಕಿಯಲ್ಲಿ ಯಾರೋ ಆತುರ ಮಾಡುತ್ತಿದ್ದರು ಅಂತ ಅವಳೇ ಮೊದಲು ಇಟ್ಟುಬಿಟ್ಟಿದ್ದಳು.

*

ಚಿಲಕ ಎದ್ದು ಬಂದು ಡಸ್ಟರನ್ನು ಅವಳ ಮುಂದೆ ಹಿಡಿದ. ಅವನ ಬೆರಳಲ್ಲಿ ಗೇಟಿನ ತುಕ್ಕು ಮೆತ್ತಿತ್ತು. “ಅವತ್ತು ಸುತ್ತಲ್ಲಿ ತಪ್ಪಾಯ್ತು ಅಂದಿದ್ದು ಮೇಷ್ಟ್ರಿಗೆ ಹೆದರಿ, ಅಕ್ಕ. ನಿಮ್ಮ ಮುಖ ನಾನು ನೋಡೇ ಇರಲಿಲ್ಲ. ಈಗ ನೋಡಿ ಹೇಳ್ತಿದೀನಿ. ತಪ್ಪಾಯ್ತು.”

ಅವಳು ಅವನ ಮುಖ ನೋಡಿದಳು. ಕೆನ್ನೆಗೂದಲು ಬೆಳ್ಳಗಾಗಿತ್ತು. ಅಂಗೈ ಇನ್ನೂ ತಣ್ಣಗೇ ಇತ್ತು, ಆದರೂ ಕೈ ಚಾಚಿ ಡಸ್ಟರ್ ತೆಗೆದುಕೊಂಡಳು. “ನಿಂದು ಮುಗೀತು, ಹೋಗಿ ಕೂತ್ಕೊ,” ಅಂದಳು. ಅವನು ಹೋಗಿ ಕೂತು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ವಿಚಾರಣೆ ಕಿಟಕಿಯ ಹಿಂದೆ ದಿನವಿಡೀ ಮಾತಾಡುವವಳು. ತನ್ನದು ಅಂತ ಒಂದು ಮಾತು ಆಡಿ ಯಾವ ಕಾಲವಾಯಿತೋ.

“ನನಗೆ ಸಿಟ್ಟಿದೆ,” ಅಂದಳು. ದನಿ ಅವಳಿಗೇ ಜೋರಾಗಿ ಕೇಳಿಸಿತು. “ನೀವೆಲ್ಲ ಅವರನ್ನ ಹೊಗಳ್ತಿದೀರ. ಹೊಗಳಿ. ಅವರು ಒಳ್ಳೇದು ಮಾಡಿದಾರೆ, ನಂಗೂ ಗೊತ್ತು. ಆದ್ರೆ ನನಗೆ ಮೇಷ್ಟ್ರು ಬೇಕಾಗಿರಲಿಲ್ಲ. ಆ ರೂಮಿನ ಕತ್ತಲೆ ನನಗೆ ಮರೆತೇ ಹೋಗ್ತಿತ್ತೇನೋ. ಮಾರನೇ ದಿನ ಬೆಳಕಲ್ಲಿ, ಎಲ್ಲರ ಮಧ್ಯೆ, ನಾನು ಅಪ್ಪನ್ನ ಹುಡುಕಿದೆ, ಸಿಗಲಿಲ್ಲ. ಅದು ಮರೆಯೋಕಾಗಲಿಲ್ಲ.” ಉಸಿರು ಎಳೆದುಕೊಂಡಳು. “ತಪ್ಪಾಯ್ತು ಅಂತ ನಿಮಗೆಲ್ಲ ಹೇಳಿದಾರೆ. ಇವನಿಗೂ ಹೇಳಿದಾರೆ. ನನಗೆ ಬಸ್ ಟೈಮ್ ಕೇಳಿದಾರೆ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಎಳೆಯ ಟೀಚರ್‌ಳ ಕಣ್ಣಿಂದ ನೀರು ಸುರಿಯುತ್ತಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ಬಂದು ನಿಂತಿತು. ದೇಹ ಒಯ್ಯುವ ಗಾಡಿ. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದ. ರೂಢಿಯಂತೆ ಗಂಡಸರು ನಾಲ್ಕು ಜನ ಏಳಬೇಕಿತ್ತು. ಒಬ್ಬರೂ ಅಲುಗಲಿಲ್ಲ. ಡಸ್ಟರ್ ಇನ್ನೂ ಅವಳ ಕೈಯಲ್ಲಿತ್ತು.

ಅವಳು ಎದ್ದಳು. ತಾನು ಕೂತಿದ್ದ ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದರಲ್ಲಿ ಡಸ್ಟರ್ ಹಿಡಿದು, ಮೆಟ್ಟಿಲು ಹತ್ತಿ ಒಳಗೆ ಹೋದಳು. ಮಂಚದ ಪಕ್ಕ ಕುರ್ಚಿ ಇಟ್ಟಳು. ಬೆಳಗಿನಿಂದ ಮೊದಲ ಸಲ ಅಪ್ಪನ ಮುಖವನ್ನು ಹತ್ತಿರದಿಂದ ನೋಡಿದಳು. ಕ್ಷೌರ ಮಾಡಿಸುವಾಗ ಗಲ್ಲದ ಕೆಳಗೆ ನಾಲ್ಕು ಬಿಳಿ ಕೂದಲು ಉಳಿದುಹೋಗಿದ್ದವು. ಎಷ್ಟು ಸಣ್ಣಗಾಗಿಬಿಟ್ಟಿದ್ದರು! ಆ ಮುದುಕನನ್ನು ಬಿಟ್ಟು ಇಷ್ಟು ವರ್ಷ ದೂರ ಕೂತಿದ್ದೆನಲ್ಲ ಅನ್ನಿಸಿತು, ಸಿಟ್ಟು ಮಾತ್ರ ಇದ್ದಲ್ಲೇ ಇತ್ತು.

ಅವರ ಬಲಗೈ ಎತ್ತಿದಳು. ತಣ್ಣಗೆ, ಭಾರವಾಗಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು, ಬಿಡಲಿಲ್ಲ. ಕೊನೆಗೆ ಅಂಗೈಗೂ ಎದೆಗೂ ನಡುವೆ ಡಸ್ಟರನ್ನು ಜಾರಿಸಿ ಇಟ್ಟಳು. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬಳಪದ ಪುಡಿ ಉದುರಿತು. ಅದನ್ನು ಅವಳು ಒರೆಸಲಿಲ್ಲ.

ಆಮೇಲೆ ಬಾಗಿಲ ಹತ್ತಿರ ಹೋದಳು. ಡಂಬೆಲ್ಲನ್ನು ಪಾದದಿಂದ ಒತ್ತಿ ಪಕ್ಕಕ್ಕೆ ಸರಿಸಿದಳು. ಬಾಗಿಲು ತಾನಾಗಿಯೇ ತಿರುಗಿ ಬಂದು ಮುಚ್ಚಿಕೊಂಡಿತು. ಕೋಣೆ ಮಬ್ಬಾಯಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿದೆಯೇ ಅಂತ ನೋಡಿದಳು. ತಡವರಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಅದನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಈಗ ನಿನ್ನ ಸರದಿ ಅಪ್ಪ,” ಅಂದಳು.

ಹೊರಗೆ ಗಾಡಿಯವನು ಹಾರ್ನ್ ಒತ್ತಿದ. ಸ್ವಲ್ಪ ಬಿಟ್ಟು ಇನ್ನೊಂದು ಸಲ ಒತ್ತಿದ. “ಹೊತ್ತಾಯ್ತು, ಎತ್ತೋದಿಲ್ವಾ?” ಅಂತ ಕೇಳಿದ್ದು ಬಾಗಿಲಿನ ಈಚೆಗೂ ಕೇಳಿಸಿತು.

“ಸ್ವಲ್ಪ ತಡ್ಕೊಳಪ್ಪ,” ಅಂದರು ಹೆಡ್ ಮೇಡಂ. “ಡಸ್ಟರ್ ಮೇಷ್ಟ್ರ ಕೈಲಿದೆ.”

ಮತ್ತೆ ಹಾರ್ನ್ ಆಗಲಿಲ್ಲ. ಅಂಗಳದಲ್ಲಿ ಒಂದು ಕುರ್ಚಿ ಸರಿದ ಸದ್ದೂ ಕೇಳಿಸಲಿಲ್ಲ. ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು, ಅಪ್ಪನ ಮುಚ್ಚಿದ ಬಾಯಿಯನ್ನೇ ನೋಡುತ್ತ ಕೂತಳು.